ನಾಲ್ಕು ಚಮಚ ನೀರು

"ಅಯ್ಯೋ, ಇನ್ನೊಂದು ಬಿತ್ತು!"

ಕಡ್ಡಿ ಬೆನ್ನಿನಿಂದ ಸ್ಕೂಲ್ ಬ್ಯಾಗನ್ನೂ ಇಳಿಸಿರಲಿಲ್ಲ. ಒಂದು ಕಾಲಲ್ಲಿ ಶೂ, ಇನ್ನೊಂದು ಕಾಲಲ್ಲಿ ಬರೀ ಸಾಕ್ಸ್. ಹಾಗೇ ಅಡುಗೆಮನೆಯ ಕಿಟಕಿಯ ಹತ್ತಿರ ಓಡಿದ್ದಳು. ಕಿಟಕಿಯ ಕಟ್ಟೆಯ ಮೇಲೆ ಒಂದು ಮೊಟ್ಟೆ ಟ್ರೇ. ಅದರಲ್ಲಿ ಹನ್ನೆರಡು ಗುಳಿ, ಗುಳಿಗಳ ತುಂಬ ಮಣ್ಣು, ಮಣ್ಣಿನಲ್ಲಿ ಟೊಮ್ಯಾಟೊ ಸಸಿಗಳು. ಬೆಳಿಗ್ಗೆ ನೆಟ್ಟಗೆ ನಿಂತಿದ್ದ ಸಸಿಯೊಂದು ಈಗ ಪಕ್ಕಕ್ಕೆ ಮಲಗಿತ್ತು. ಅದರ ಕಾಂಡ ಬುಡದಲ್ಲಿ ಒದ್ದೆ ದಾರದ ಹಾಗೆ ಸಣ್ಣಗಾಗಿತ್ತು.

ಹಾಕಿದ್ದು ಹನ್ನೆರಡು ಬೀಜ. ಮೊಳೆತದ್ದು ಹನ್ನೊಂದು. ಇದು ಸೇರಿ ನಾಲ್ಕು ಬಿದ್ದವು. ಉಳಿದದ್ದು ಏಳು.

"ಅಮ್ಮಾ, ನಾಲ್ಕನೇದೂ ಹೋಯ್ತು!" ಎಂದು ಕಡ್ಡಿ ಕೂಗಿದಳು.

ಯಾರೂ ಓಗೊಡಲಿಲ್ಲ. ಓಗೊಡುವುದಾದರೂ ಯಾರು? ಮನೆಯಲ್ಲಿದ್ದವರು ಅಮ್ಮ, ಮಗಳು ಇಬ್ಬರೇ. ಅಮ್ಮ ಎರಡು ಗಂಟೆಗೆ ಮೊದಲೇ ಕೆಲಸಕ್ಕೆ ಹೋಗಿಯಾಗಿತ್ತು. ಅದು ಕಡ್ಡಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ದಿನಾ ಕೂಗುತ್ತಾಳೆ. ಕೂಗದಿದ್ದರೆ ಮನೆ ತೀರಾ ಸುಮ್ಮನಿರುತ್ತದೆ ನೋಡಿ, ಅದಕ್ಕೆ.

ಕಡ್ಡಿ ಅಂದರೆ ಅವಳ ನಿಜವಾದ ಹೆಸರೇನೂ ಅಲ್ಲ. ಎಷ್ಟು ತಿಂದರೂ ಮೈಗೆ ಹತ್ತದ ಹುಡುಗಿ ಅಂತ ಅಮ್ಮ ಪ್ರೀತಿಯಿಂದ ಇಟ್ಟದ್ದು. ಈ ಊರಿನಲ್ಲಿ ಹಾಗೆ ಕರೆಯುವವಳು ಅಮ್ಮ ಒಬ್ಬಳೇ. ಸ್ಕೂಲಿನಲ್ಲಿ ಅವಳನ್ನು ಎಲ್ಲರೂ "ಹೊಸ ಹುಡುಗಿ" ಅನ್ನುತ್ತಿದ್ದರು. ಬಂದು ನಾಲ್ಕು ತಿಂಗಳಾಗಿತ್ತು, ಆದರೂ ಹೊಸ ಹುಡುಗಿ! ಶೂ ಕೂಡ ಅಷ್ಟು ದಿನ ಹೊಸದಾಗಿ ಇರುವುದಿಲ್ಲ.

ಅಮ್ಮನಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ ಶಿಫ್ಟ್. ಕಡ್ಡಿ ನಾಲ್ಕಕ್ಕೆ ಮನೆಗೆ ಬಂದರೆ ಅಮ್ಮ ಇಲ್ಲ. ಅಮ್ಮ ಮನೆಗೆ ಬಂದರೆ ಕಡ್ಡಿಗೆ ನಿದ್ದೆ. ಬೆಳಿಗ್ಗೆ ಅಮ್ಮ ಎದ್ದು ಜಡೆ ಹಾಕುತ್ತಾಳೆ ನಿಜ, ಆದರೆ ಕಣ್ಣು ಮುಚ್ಚಿಕೊಂಡು. ಒಮ್ಮೆ ನಿದ್ದೆಗಣ್ಣಿನಲ್ಲಿ ರಿಬ್ಬನ್ ಬದಲು ಪೈಜಾಮದ ಲಾಡಿ ಕಟ್ಟಿ ಕಳಿಸಿದ್ದಳು. ಭಾನುವಾರ ಒಂದು ದಿನ ಇಬ್ಬರೂ ಮನೆಯಲ್ಲಿ. ಉಳಿದ ದಿನ ಏನಿದ್ದರೂ ಫ್ರಿಜ್ ಬಾಗಿಲಿಗೆ ಅಂಟಿಸಿದ ಚೀಟಿಯಲ್ಲೇ ಮಾತು.

ಇವತ್ತಿನ ಚೀಟಿಯಲ್ಲಿ ಅಮ್ಮ ಬರೆದಿದ್ದಳು: "ಊಟ ಡಬ್ಬಿಯಲ್ಲಿದೆ. ಪೂರ್ತಿ ತಿನ್ನು. ಗಿಡ ಹೇಗಿದೆ?"

ಕಡ್ಡಿ ಬಿದ್ದ ಸಸಿಯನ್ನು ಚಿವುಟಿ ತೆಗೆದು, ಆ ಗುಳಿಯ ಮಣ್ಣನ್ನು ಬೆರಳಿನಿಂದ ಸಮ ಮಾಡಿದಳು. ಆಮೇಲೆ ಚೀಟಿಯ ಕೆಳಗೆ "ಸೂಪರ್!" ಎಂದು ಬರೆದಳು. ಪಕ್ಕದಲ್ಲಿ ನಗುವ ಮುಖವನ್ನೂ ಬಿಡಿಸಿದಳು.

ಸುಳ್ಳು ತಾನೆ? ಹೌದು, ಸುಳ್ಳೇ. ಆದರೆ ಏನು ಮಾಡುತ್ತಾಳೆ ಪಾಪ? ಹೊಸ ಸ್ಕೂಲಿನಿಂದ ಅವಳು ಖುಷಿಯಾಗಿ ತಂದ ಸುದ್ದಿ ಅಂದರೆ ಈ ಬೀಜಗಳದ್ದು ಒಂದೇ. ಬೀಜ ಹಾಕಿದ ಭಾನುವಾರ ಅಮ್ಮನೂ ನೆಲದ ಮೇಲೆ ಕೂತು, ಕೈಯೆಲ್ಲ ಮಣ್ಣು ಮಾಡಿಕೊಂಡು ನಕ್ಕಿದ್ದಳು. ಆ ಅಮ್ಮನಿಗೆ ಗಿಡ ಸಾಯುತ್ತಿದೆ ಎಂದು ಹೇಗೆ ಬರೆಯುವುದು?

ಲೋಟದಲ್ಲಿ ನೀರು ತಂದು ಏಳೂ ಸಸಿಗಳಿಗೆ ಹಾಕಿದಳು. ಹೋಂವರ್ಕ್ ಮುಗಿಸಿ ಮತ್ತೆ ಹಾಕಿದಳು. ಕೆಳಗಿನ ಮನೆಯ ಟೈಲರ್ ಆಂಟಿಯ ಹೊಲಿಗೆ ಮೆಷಿನ್ ಕಟಕಟ ಅನ್ನುವುದು ನೆಲದ ಮೂಲಕ ಕೇಳುತ್ತಿತ್ತು. ಅದು ನಿಂತಾಗ ಮನೆ ಇನ್ನೂ ಖಾಲಿ ಅನ್ನಿಸಿತು. ಮಾಡಲು ಬೇರೇನೂ ತೋಚದೆ ಕಡ್ಡಿ ಇನ್ನೊಂದು ಸಲ ನೀರು ಹಾಕಿದಳು.

ಮರುದಿನ ಸೈನ್ಸ್ ಟೀಚರ್ ಕ್ಲಾಸಿಗೆ ಬಂದವರೇ ಕೇಳಿದರು: "ಯಾರ ಯಾರ ಸಸಿ ಹೇಗಿದೆ? ಬೆಳೆಯುವ ಸಿರಿ ಮೊಳಕೆಯಲ್ಲಿ, ಗೊತ್ತಲ್ಲ? ಹೇಳಿ ನೋಡೋಣ."

ಮಾತಿಗೊಂದು ಗಾದೆ ಸೇರಿಸದಿದ್ದರೆ ಅವರಿಗೆ ಪಾಠ ಮುಂದೆ ಹೋಗುತ್ತಿರಲಿಲ್ಲ.

"ಬರೋ ಸೋಮವಾರ ಎಲ್ಲರೂ ಸಸಿ ತನ್ನಿ. ದೊಡ್ಡ ಕಪ್‌ಗೆ ದಾಟಿಸೋಣ. ಇಬ್ಬರಿಗೆ ಒಂದು ಪೆಟ್ಟಿಗೆ, ಪೆಟ್ಟಿಗೇಲಿ ಎಂಟು ಕಪ್. ತಲಾ ನಾಲ್ಕು ಸಸಿ. ಕಾಯಿ ಬಿಡೋವರೆಗೂ ಆ ಪೆಟ್ಟಿಗೆ ಆ ಇಬ್ಬರದ್ದೇ. ಜೋಡಿ ನೀವೇ ಮಾಡ್ಕೊಳಿ."

ಕ್ಲಾಸಿನಲ್ಲಿ ಒಂದೇ ಗದ್ದಲ. "ನೀನು ನಂಗೆ!" "ಏಯ್, ಅವಳು ನಂಗೆ ಆಗ್ಲೇ ಪ್ರಾಮಿಸ್ ಮಾಡಿದಾಳೆ!" ಎಲ್ಲರೂ ಎಳೆದಾಡಿಕೊಂಡರು. ಕಡ್ಡಿ ತನ್ನ ಪೆನ್ಸಿಲ್ ಬಾಕ್ಸನ್ನು ಸುಮ್ಮನೆ ತೆಗೆದು ಮುಚ್ಚುತ್ತಿದ್ದಳು. ಏನೋ ಬಹಳ ಮುಖ್ಯವಾದದ್ದನ್ನು ಹುಡುಕುತ್ತಿರುವವಳ ಹಾಗೆ.

"ನಿನ್ ಹತ್ರ ನಾಲ್ಕಿದೆಯಾ?"

ಕಡ್ಡಿ ತಲೆ ಎತ್ತಿದಳು. ಕೇಳಿದವಳು ಮುಂದಿನ ಬೆಂಚಿನ ಹುಡುಗಿ. ಅವಳ ಬಾಯಿ ನಿಲ್ಲುವುದೇ ಇಲ್ಲವೆಂದು ಕ್ಲಾಸಿನವರೆಲ್ಲ ಅವಳನ್ನು ರೇಡಿಯೋ ಅನ್ನುತ್ತಿದ್ದರು.

"ಏಳಿದೆ" ಎಂದಳು ಕಡ್ಡಿ.

"ಏಳಾ! ಸರಿ ಹಾಗಾದ್ರೆ, ನಾನೂ ನೀನೂ. ನನ್ ಫ್ರೆಂಡ್‌ಗೆ ಬೇರೆ ಜೋಡಿ ಸಿಕ್ಕಿದಾಳಂತೆ, ಸಿಗ್ಲಿ ಬಿಡು. ನಮ್ಮನೇಲಿ ಬೆಕ್ಕು ಇದೆ, ಅದು ಆಗ್ಲೇ ಎರಡು ಸಸಿ ತಿಂದುಬಿಡ್ತು. ನಿಮ್ಮನೇಲಿ ಬೆಕ್ಕು ಇದೆಯಾ? ನಾಲ್ಕು ತರ್ಲೇಬೇಕು, ಆಯ್ತಾ? ಇಲ್ಲಾಂದ್ರೆ ಪೆಟ್ಟಿಗೆ ಖಾಲಿ ಖಾಲಿ ಕಾಣ್ಸತ್ತೆ."

ಉತ್ತರಕ್ಕೂ ಕಾಯದೆ ಅವಳು ತಿರುಗಿ ಇನ್ಯಾರ ಜೊತೆಗೋ ಮಾತಿಗೆ ಶುರುವಿಟ್ಟಳು. ಕಡ್ಡಿಗೆ ಮಾತ್ರ ಕೂತಲ್ಲಿ ಕೂರಲು ಆಗಲಿಲ್ಲ. ನಾಲ್ಕು ತಿಂಗಳಲ್ಲಿ ಅವಳನ್ನು ಯಾರಾದರೂ "ನಾನೂ ನೀನೂ" ಎಂದದ್ದು ಇದೇ ಮೊದಲು.

ಬೆಲ್ ಆದಮೇಲೆ ಅವಳು ಟೀಚರ್ ಹಿಂದೆಯೇ ಓಡಿದಳು. "ಮಿಸ್, ಸಸಿ ಇದ್ದಕ್ಕಿದ್ದ ಹಾಗೆ ಬೀಳ್ತಿದೆ. ಬುಡ ದಾರದ ಹಾಗೆ ಆಗತ್ತೆ."

"ನೀರು ಎಷ್ಟು ಹಾಕ್ತೀಯ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕಡ್ಡಿ ಕೂಡಲೇ ಕೈಗಳನ್ನು ಬೆನ್ನ ಹಿಂದೆ ಮಾಡಿಕೊಂಡಳು. "ದಿನಾ... ಮೂರು ಸಲ. ಒಂದೊಂದ್ಸಲ ನಾಲ್ಕು."

"ಅಯ್ಯೋ ಹುಡುಗೀ! ಅತಿಯಾದ್ರೆ ಅಮೃತಾನೂ ವಿಷ. ಬುಡ ಕೊಳೆತು ಬೀಳ್ತಿದೆ ಅದು. ಇವತ್ತಿಂದ ಒಂದು ಹನೀನೂ ಹಾಕ್ಬೇಡ. ಬೆರಳು ಇಟ್ಟು ನೋಡು. ಮಣ್ಣು ಒಣಗಿದ ಮೇಲೇ ನೀರು. ಅದೂ ಚಮಚದಲ್ಲಿ."

ಆ ದಿನ ಕಡ್ಡಿ ನೀರಿನ ಲೋಟವನ್ನೇ ಕಪಾಟಿನೊಳಗಿಟ್ಟು ಬಾಗಿಲು ಹಾಕಿದಳು. ಕೈ ಸುಮ್ಮನಿರಲಿಲ್ಲ. ಆದರೂ ಹಾಕಲಿಲ್ಲ. ಸಂಜೆಯೆಲ್ಲ ಕಿಟಕಿಯ ಹತ್ತಿರ ಕೂತು ಏಳು ಸಸಿಗಳನ್ನು ನೋಡಿದಳು. ಬೀದಿಯಲ್ಲಿ ಮಕ್ಕಳು ಸೈಕಲ್ ಓಡಿಸುತ್ತಿದ್ದರು. ಅವರಲ್ಲಿ ಒಬ್ಬರ ಹೆಸರೂ ಅವಳಿಗೆ ಗೊತ್ತಿರಲಿಲ್ಲ.

ಬುಧವಾರ ನಾಲ್ಕು ಗಂಟೆಗೆ ಬಂದು ಬೆರಳಿಟ್ಟಳು. ಮಣ್ಣು ಪಚಪಚ ಎಂದಿತು!

ಅಲ್ಲ, ಒಂದು ಹನಿ ಹಾಕದೆ ಇದು ಹೇಗೆ ಸಾಧ್ಯ? ಮೇಲಿನಿಂದ ಸೋರುತ್ತಿದೆಯೇ ಎಂದು ಛಾವಣಿ ನೋಡಿದಳು. ಒಣಗಿತ್ತು. ಕಿಟಕಿ ಮುಚ್ಚಿತ್ತು. ಎರಡು ಸಸಿ ಮಲಗಿದ್ದವು. ಇನ್ನು ಐದು.

ಅವಳಿಗೆ ತಟ್ಟನೆ ಟೈಲರ್ ಆಂಟಿಯ ನೆನಪಾಯಿತು. ಅಮ್ಮ ಒಂದು ಬೀಗದ ಕೈಯನ್ನು ಅವರ ಹತ್ತಿರ ಕೊಟ್ಟಿಟ್ಟಿದ್ದಳು. ಕಡ್ಡಿ ದಡದಡ ಮೆಟ್ಟಿಲಿಳಿದು ಹೋದಳು.

"ಆಂಟಿ, ನೀವು ನಮ್ಮನೆ ಗಿಡಕ್ಕೆ ನೀರು ಹಾಕಿದ್ರಾ?"

ಆಂಟಿ ಬಾಯಲ್ಲಿ ಕಚ್ಚಿಕೊಂಡಿದ್ದ ಎರಡು ಗುಂಡುಪಿನ್ನುಗಳನ್ನು ತೆಗೆದರು. "ನಾನಾ? ನಂಗೆ ತಲೆ ಬಾಚ್ಕೊಳೋಕೇ ಪುರುಸೊತ್ತಿಲ್ಲ ಕಣೇ. ಅಲ್ಲಿ ನೋಡು, ನಮ್ಮನೇಲಿರೋದು ಪ್ಲಾಸ್ಟಿಕ್ ಹೂವು. ಅದಕ್ಕೂ ಧೂಳು ಒರೆಸಿ ವರ್ಷ ಆಯ್ತು. ಯಾಕೆ, ಏನಾಯ್ತು?"

"ಏನಿಲ್ಲ" ಎಂದು ಕಡ್ಡಿ ಮೇಲೆ ಬಂದಳು.

ಅಮ್ಮನ ಮೇಲೆ ಅನುಮಾನ ಬರಲಿಲ್ಲವೇ ಎಂದು ನೀವು ಕೇಳಬಹುದು. ಬರಲಿಲ್ಲ. ಅಮ್ಮನಿಗೆ ಗಿಡದ ಹತ್ತಿರ ಹೋಗಲು ಪುರುಸೊತ್ತೆಲ್ಲಿ? ಅಮ್ಮ ಅಂದರೆ ನಿದ್ದೆ, ಬಸ್ಸು, ಲಾಂಡ್ರಿ, ಮತ್ತೆ ನಿದ್ದೆ. ಹಾಗೆಂದೇ ಕಡ್ಡಿ ತಿಳಿದಿದ್ದಳು.

ಗುರುವಾರವೂ ಮಣ್ಣು ಒದ್ದೆ. ಮತ್ತೊಂದು ಬಿತ್ತು. ಉಳಿದದ್ದು ನಾಲ್ಕು, ಸರಿಯಾಗಿ ನಾಲ್ಕೇ ನಾಲ್ಕು. ಕಡ್ಡಿ ಫ್ರಿಜ್ ಮೇಲಿನ ಚೀಟಿಗೆ ಇನ್ನೊಂದು "ಸೂಪರ್" ಬರೆಯುವಾಗ ಪೆನ್ಸಿಲ್ ಮೊನೆ ಮುರಿಯಿತು. ನಗುವ ಮುಖ ಬಿಡಿಸಲು ಮನಸ್ಸಾಗಲಿಲ್ಲ.

ಶುಕ್ರವಾರ ಟೀಚರುಗಳಿಗೆ ಏನೋ ಮೀಟಿಂಗ್. ಒಂದು ಗಂಟೆಗೇ ಸ್ಕೂಲ್ ಬಿಟ್ಟರು. ಗೇಟು ದಾಟುವಾಗ ಕಡ್ಡಿಗೆ ಹೊಳೆಯಿತು. ಅಮ್ಮ ಹೊರಡುವುದು ಒಂದೂ ನಲವತ್ತಕ್ಕೆ. ಓಡಿದರೆ ಅಮ್ಮ ಸಿಗುತ್ತಾಳೆ! ಕಾಲು ಗಂಟೆಯಾದರೂ ಸಿಗುತ್ತಾಳೆ!

ಅವಳು ಎದ್ದೆನೋ ಬಿದ್ದೆನೋ ಎಂದು ಓಡಿದಳು. ನೀರಿನ ಬಾಟಲಿ ಸೊಂಟಕ್ಕೆ ಬಡಿಯುತ್ತಿತ್ತು. ಮೂರು ಮಹಡಿ ಹತ್ತುವಷ್ಟರಲ್ಲಿ ಜೀವ ಬಾಯಿಗೆ ಬಂತು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅಮ್ಮ ಯಾರ ಜೊತೆಗೋ ಮಾತಾಡುತ್ತಿದ್ದಳು.

"ಬೇಗ ಬೇಗ ಕುಡೀರಿ, ನಂಗೆ ಬಸ್ಸಿಗೆ ಟೈಮ್ ಆಯ್ತು. ಅವಳು ನಾಲ್ಕು ಗಂಟೆಗೆ ಬರ್ತಾಳೆ. ಬಂದಾಗ ಮನೇಲಿ ಇರೋದು ನೀವೇ ತಾನೆ? ಬಿದ್ದುಗಿದ್ದು ಮಾಡಿ ಅವಳಿಗೆ ಬೇಜಾರ್ ಮಾಡ್ಬೇಡಿ, ಚೆನ್ನಾಗಿ ನಿಂತ್ಕೊಳಿ."

ಕಡ್ಡಿ ಬಾಗಿಲು ತಳ್ಳಿದಳು. ಅಮ್ಮ ಯೂನಿಫಾರ್ಮ್ ಹಾಕಿ, ಹೆಗಲಿಗೆ ಬ್ಯಾಗ್ ಏರಿಸಿ, ಕಿಟಕಿಯ ಹತ್ತಿರ ನಿಂತಿದ್ದಳು. ಕೈಯಲ್ಲಿ ನೀರಿನ ಚೊಂಬು. ಅದರ ನೀರು ಟ್ರೇಯ ಮೇಲೆ ಸುರಿಯುತ್ತಿತ್ತು.

"ನೀನಾ?" ಎಂದಳು ಕಡ್ಡಿ.

"ಅರೆ, ಇಷ್ಟು ಬೇಗ ಬಂದ್ಯಾ? ಏನಾಯ್ತೇ? ಜ್ವರಾನಾ?" ಅಮ್ಮ ಚೊಂಬು ಇಟ್ಟು ಅವಳ ಹಣೆ ಮುಟ್ಟಲು ಬಂದಳು.

ಕಡ್ಡಿ ಆ ಕೈಯನ್ನು ತಳ್ಳಿಬಿಟ್ಟಳು. "ದಿನಾ ನೀರು ಹಾಕ್ತಿದ್ದದ್ದು ನೀನೇನಾ? ಎಲ್ಲಾನೂ ಸಾಯಿಸಿದ್ದು ನೀನೇ! ನೀರು ಜಾಸ್ತಿ ಆಗೇ ಅವು ಸಾಯ್ತಿರೋದು! ಟೀಚರ್ ಒಂದು ಹನೀನೂ ಹಾಕ್ಬೇಡ ಅಂದಿದ್ರು. ನಾನು ಹಾಕ್ಲೂ ಇಲ್ಲ. ನಂಗೆ ನಾಲ್ಕು ಬೇಕಿತ್ತು. ನಾಲ್ಕು ತರ್ತೀನಿ ಅಂತ ಹೇಳಿದೀನಿ!"

ಅಮ್ಮ ಟ್ರೇಯ ಕಡೆ ತಿರುಗಿ ನೋಡಿದಳು. ನಾಲ್ಕರಲ್ಲಿ ಒಂದು ಆಗಲೇ ಪಕ್ಕಕ್ಕೆ ವಾಲಿತ್ತು. ನೀರಿನ ಹೊಡೆತಕ್ಕೆ ಅದರ ಬುಡ ಕಿತ್ತು ಬಂದಿತ್ತು. ಅಮ್ಮನ ಮುಖ ಸಣ್ಣದಾಯಿತು.

"ನಂಗೆ ಗೊತ್ತಾಗ್ಲಿಲ್ಲ ಮಗಾ. ಬಾಡಿ ಬೀಳ್ತಿದೆ, ಬಾಯಾರಿದೆ ಅಂದ್ಕೊಂಡೆ. ಬಿದ್ದಷ್ಟೂ ಜಾಸ್ತಿ ಹಾಕ್ದೆ."

"ಬಿದ್ದಿದ್ದು ನೋಡಿದ್ಯಾ?"

"ನೋಡದೆ ಇರ್ತೀನಾ? ನೀನು ಸೂಪರ್ ಸೂಪರ್ ಅಂತ ಬರೀತಿದ್ದೆ. ನಂಗೆ ಬೇಜಾರಾಗುತ್ತೆ ಅಂತ ಮುಚ್ಚಿಡ್ತಿದೀಯ, ಇರ್ಲಿ, ನಾನೂ ಗೊತ್ತಿಲ್ಲದ ಹಾಗೇ ಇರೋಣ ಅಂತ ಸುಮ್ನಿದ್ದೆ."

"ನಂಗೆ ಹೇಳ್ಬೇಕಿತ್ತು!"

"ಯಾವಾಗ ಹೇಳ್ಲಿ?" ಅಮ್ಮನ ದನಿ ಒಂದು ಕ್ಷಣ ಏರಿತು, ಆಮೇಲೆ ಇಳಿಯಿತು. "ನೀನಿರೋವಾಗ ನಾನಿರಲ್ಲ, ನಾನಿರೋವಾಗ ನೀನಿರಲ್ಲ. ದಿನವೆಲ್ಲ ಯಾರ್ಯಾರದೋ ಬೆಡ್‌ಶೀಟ್ ಒಗೀತೀನಿ. ನಿಂಗೆ ಅಂತ ಮಾಡೋಕೆ ಸಿಕ್ಕಿದ್ದು ಇದೊಂದೇ ಕೆಲ್ಸ. ಅದನ್ನೂ ಹಾಳು ಮಾಡ್ದೆ ನೋಡು."

ಕೆಳಗೆ ಎಲ್ಲೋ ಬಸ್ಸಿನ ಹಾರ್ನ್ ಕೇಳಿತು. ಅಮ್ಮ ಗಡಿಯಾರ ನೋಡಿದಳು, ಮಗಳನ್ನು ನೋಡಿದಳು. ಚಪ್ಪಲಿ ಮೆಟ್ಟಿ ಹೊರಟುಬಿಟ್ಟಳು. ಮೆಟ್ಟಿಲಿನ ಮೇಲೆ ಅವಳ ಹೆಜ್ಜೆ ಸದ್ದು ಕೆಳಕೆಳಗೆ ಹೋಯಿತು.

ಕಡ್ಡಿಗೆ ಅಳು ಬಂತು. ಸಿಟ್ಟಿಗೆ ಬಂತೋ ದುಃಖಕ್ಕೆ ಬಂತೋ ಅವಳಿಗೇ ಗೊತ್ತಾಗಲಿಲ್ಲ. ಅಮ್ಮ ಸಿಗುತ್ತಾಳೆ ಅಂತ ಓಡಿ ಬಂದದ್ದು. ಅಮ್ಮ ಸಿಕ್ಕಿದ್ದಳು. ಸಿಕ್ಕಿದ ಅಮ್ಮನ ಕೈಯನ್ನು ತಳ್ಳಿ ಕಳಿಸಿಯಾಗಿತ್ತು.

ಅವಳು ಕಿಟಕಿಯಿಂದ ಕೆಳಗೆ ನೋಡಿದಳು. ಅಮ್ಮ ಒಂದು ಕೈಯಲ್ಲಿ ಬ್ಯಾಗ್ ಒತ್ತಿ ಹಿಡಿದು ರಸ್ತೆಯಲ್ಲಿ ಓಡುತ್ತಿದ್ದಳು. ಬಸ್ ನಿಲ್ದಾಣದ ಹತ್ತಿರ ನಿಂತಳು. ನಿಂತವಳು ತಿರುಗಿ, ತಲೆ ಎತ್ತಿ, ಮೂರನೇ ಮಹಡಿಯ ಈ ಕಿಟಕಿಯನ್ನೇ ನೋಡಿದಳು. ಆ ನೋಟದಲ್ಲಿ ಹುಡುಕಾಟವೇ ಇರಲಿಲ್ಲ. ನೇರವಾಗಿ ಇಲ್ಲಿಗೇ ಬಂತು, ದಿನಾ ನೋಡಿ ರೂಢಿಯಾದವರ ಹಾಗೆ.

ದಿನಾ ಈ ಹೊತ್ತಿನಲ್ಲಿ ಕಡ್ಡಿ ಸ್ಕೂಲಿನಲ್ಲಿ ಇರುತ್ತಾಳೆ. ಆಗ ಇಲ್ಲಿ ಯಾರೂ ಇರುವುದಿಲ್ಲ. ಆದರೂ ಅಮ್ಮ ತಿರುಗಿ ನೋಡುತ್ತಾಳೆ.

ಕಡ್ಡಿಯ ಕೈ ತಾನಾಗಿ ಮೇಲೆದ್ದಿತು. ಕೆಳಗೆ ಅಮ್ಮ ಎಷ್ಟು ಜೋರಾಗಿ ಕೈ ಬೀಸಿದಳೆಂದರೆ ಬ್ಯಾಗ್ ಹೆಗಲಿನಿಂದ ಜಾರಿ ಬಿತ್ತು. ಪಕ್ಕದಲ್ಲಿದ್ದ ಮುದುಕರೊಬ್ಬರು ಅದನ್ನು ಎತ್ತಿ ಕೊಟ್ಟರು.

ಶನಿವಾರ ಫ್ರಿಜ್ ಮೇಲೆ ಊಟದ ಚೀಟಿಯ ಕೆಳಗೆ ಇನ್ನೊಂದು ಸಾಲು ಇತ್ತು: "ಇವತ್ತು ಗಿಡದ ಹತ್ತಿರ ಹೋಗಲೇ ಇಲ್ಲ." ಅದನ್ನು ಓದಿ ಕಡ್ಡಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಭಾನುವಾರ ಇಬ್ಬರೂ ಮನೆಯಲ್ಲೇ ಇದ್ದರು. ಅಮ್ಮ ತಲೆಗೆ ಎಣ್ಣೆ ಹಚ್ಚಿದಳು, ಇಬ್ಬರೂ ಕೂತು ಬಟ್ಟೆ ಮಡಚಿದರು. ಟ್ರೇಯ ಮಾತು ಮಾತ್ರ ಯಾರೂ ಎತ್ತಲಿಲ್ಲ. ಕಿಟಕಿಯ ಪಕ್ಕ ಹಾದು ಹೋಗುವಾಗ ಅಮ್ಮ ಕೈಗಳನ್ನು ಕಟ್ಟಿಕೊಂಡೇ ಹೋದಳು.

ಸೋಮವಾರ ಕಡ್ಡಿ ಟ್ರೇಯನ್ನು ಎದೆಗೆ ಅವುಚಿಕೊಂಡು ಸ್ಕೂಲಿಗೆ ಹೋದಳು. ಉಳಿದಿದ್ದ ಮೂರು ಸಸಿ ನೆಟ್ಟಗೆ ನಿಂತಿದ್ದವು. ಮಣ್ಣು ಕಡೆಗೂ ಒಣಗಿತ್ತು.

"ಮೂರೇ ಇರೋದು" ಎಂದು ಅವಳು ರೇಡಿಯೋಗೆ ಮೊದಲೇ ಹೇಳಿಬಿಟ್ಟಳು. "ಬೇರೆ ಜೋಡಿ ಬೇಕಾದ್ರೆ ಮಾಡ್ಕೊ."

ರೇಡಿಯೋ ಟ್ರೇಯೊಳಗೆ ಇಣುಕಿದಳು. "ಏಳು ಅಂದಿದ್ದೆ! ಬೆಕ್ಕಾ?"

"ಅಲ್ಲ. ನಾನೂ ನೀರು ಹಾಕ್ದೆ, ಅಮ್ಮನೂ ಹಾಕಿದ್ಲು. ಒಬ್ಬರಿಗೊಬ್ಬರಿಗೆ ಗೊತ್ತೇ ಇರ್ಲಿಲ್ಲ."

"ಅಯ್ಯೋ, ನಮ್ಮನೇಲಿ ನಾಯಿಗೆ ಹೀಗೇ ಆಗಿತ್ತು! ಅಪ್ಪ ಒಂದ್ಸಲ ಊಟ ಹಾಕಿದ್ರು, ಅಣ್ಣ ಒಂದ್ಸಲ, ಅಜ್ಜಿ ಒಂದ್ಸಲ. ಅದು ಹೊಟ್ಟೆ ಕೆಟ್ಟು ಸೋಫಾ ಮೇಲೆ..." ಅವಳಿಗೆ ನಗು ತಡೆಯಲಾಗಲಿಲ್ಲ. ಕಡ್ಡಿಗೂ ಫಕ್ಕನೆ ನಗು ಬಂತು. "ಬೇರೆ ಜೋಡಿ ಯಾಕೆ? ನಂದು ಆರಿದೆ. ಎಂಟು ಆಗಿ ಒಂದು ಮಿಗತ್ತೆ. ಹಿಡ್ಕೊ, ನೀನು ಕಪ್ ಹಿಡ್ಕೊ, ನಾನು ಮಣ್ಣು ಹಾಕ್ತೀನಿ."

ಇಬ್ಬರೂ ಸೇರಿ ಎಂಟು ಸಸಿಗಳನ್ನು ದಾಟಿಸಿದರು. ಎಲೆ ಹಿಡಿದು ಎತ್ತಬೇಕು, ಕಾಂಡ ಮುಟ್ಟಬಾರದು ಎಂದು ಟೀಚರ್ ತೋರಿಸಿಕೊಟ್ಟರು. ರೇಡಿಯೋ ಬಾಯಿ ಒಂದು ಕ್ಷಣವೂ ನಿಲ್ಲಲಿಲ್ಲ. ಪೆಟ್ಟಿಗೆಯ ಮೇಲೆ ಇಬ್ಬರ ಹೆಸರನ್ನೂ ಬರೆದದ್ದು ಅವಳೇ.

ಮಿಕ್ಕ ಒಂದನ್ನು ಒಂಬತ್ತನೇ ಕಪ್‌ಗೆ ಹಾಕಿ ಅವಳು ಕಡ್ಡಿಯ ಕೈಗೆ ಕೊಟ್ಟಳು. "ಇದನ್ನ ನೀನೇ ಮನೆಗೆ ತಗೊಂಡ್ಹೋಗು. ನಮ್ಮನೇಗೆ ಬಂದ್ರೆ ಬೆಕ್ಕಿನ ಬಾಯಿಗೇ ಅದು."

"ಈ ಸೈಜಿನ ಕಪ್‌ಗೆ ಸದ್ಯ ದಿನಕ್ಕೆ ನಾಲ್ಕು ಚಮಚ ನೀರು" ಎಂದರು ಟೀಚರ್. "ಮೇಲೆ ಒಂದು ಚಮಚಾನೂ ಬೇಡ. ನೆನಪಿರ್ಲಿ."

ನಾಲ್ಕು ಗಂಟೆಗೆ ಕಡ್ಡಿ ಮನೆಯ ಬಾಗಿಲು ತೆರೆದಳು. ಒಳಗೆ ಎಂದಿನ ಹಾಗೆ ಯಾರೂ ಇರಲಿಲ್ಲ. ಖಾಲಿ ಕಿಟಕಿಯ ಕಟ್ಟೆಯ ಮೇಲೆ ಕಪ್ ಇಟ್ಟಳು. ಲೋಟದಲ್ಲಿ ನೀರು, ಒಂದು ಚಮಚ ತಂದಳು.

ಒಂದು ಚಮಚ ಹಾಕಿದಳು. ಎರಡು ಹಾಕಿದಳು. ಮೂರನೆಯದನ್ನು ತುಂಬಿಕೊಂಡು ಕಪ್‌ನ ಹತ್ತಿರ ತಂದವಳು ಹಾಗೇ ನಿಂತಳು. ಆ ನೀರನ್ನು ಮೆಲ್ಲಗೆ ಲೋಟಕ್ಕೇ ವಾಪಸ್ ಸುರಿದಳು.

ಆಮೇಲೆ ಫ್ರಿಜ್ ಹತ್ತಿರ ಹೋಗಿ ಚೀಟಿಯಲ್ಲಿ ಬರೆದಳು: "ಅಮ್ಮಾ, ಏಳು ಸತ್ತಿದ್ದಾಗಲೂ ನಾನು ಸೂಪರ್ ಅಂತ ಬರೆದೆ. ಇನ್ಮೇಲೆ ಬರೆಯಲ್ಲ. ಇದು ಹೊಸ ಗಿಡ. ದಿನಕ್ಕೆ ನಾಲ್ಕು ಚಮಚ ನೀರು. ಎರಡು ನಾನು ಹಾಕಿದೀನಿ. ಇನ್ನೆರಡು ನಿಂದು. ನಾಳೆ ಬಸ್ಸಿಗೆ ಹೋಗೋ ಮುಂಚೆ ಹಾಕು."

ಗಿಡಕ್ಕೆ ಇನ್ನೂ ಬಾಯಾರಿಕೆ ಇತ್ತೋ ಏನೋ. ಇರಲಿ, ನಾಳೆ ಮಧ್ಯಾಹ್ನದವರೆಗೆ ಕಾಯುತ್ತದೆ ಎಂದುಕೊಂಡು ಕಡ್ಡಿ ಹೋಂವರ್ಕ್ ಪುಸ್ತಕ ತೆಗೆದಳು.